ಮಣಿಯಕ್ಕನ ಕೊರಳು

ಮಣಿಯಕ್ಕನಿಗೆ ಹುಟ್ಟಿದಾಗ ಇಟ್ಟ ಹೆಸರೊಂದಿತ್ತು. ಬ್ಯಾಂಕಿನ ಪುಸ್ತಕ ಬಿಟ್ಟರೆ ಅದು ಇನ್ನೆಲ್ಲೂ ಬಳಕೆಗೆ ಬರಲಿಲ್ಲ. ಮೂವತ್ತೊಂದು ವರ್ಷ ಒಂದೇ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಮಣಿ ಪೋಣಿಸಿದವಳನ್ನು ಜನ ಇನ್ನೇನೆಂದು ಕರೆದಾರು? ಅಂಗಡಿಯ ಯಜಮಾನ ಹಾಗೆ ಕರೆದ, ಎದುರಿನ ಗಡಿಯಾರ ರಿಪೇರಿಯವನು ಹಾಗೆ ಕರೆದ, ಬದುಕಿದ್ದಷ್ಟು ದಿನ ಸ್ವಂತ ಗಂಡನೂ ಹಾಗೆಯೇ ಕರೆದ. ಕಟ್ಟಿಕೊಂಡವಳನ್ನು ಅಕ್ಕ ಅನ್ನುವುದುಂಟೇ ಎಂದು ಹುಬ್ಬೇರಿಸಬೇಡಿ. ಅವನಿಗೆ ಅದು ತಮಾಷೆ, ಅವಳಿಗೂ ತಮಾಷೆ. ಅವನು ತೀರಿಕೊಂಡು ಹನ್ನೊಂದು ವರ್ಷವಾಯಿತು. ಮಕ್ಕಳಿಲ್ಲ. ಆ ವಿಷಯದಲ್ಲಿ ಆಡಬೇಕಾದ್ದನ್ನೆಲ್ಲ ನೆಂಟರು ಆಗಲೇ ಆಡಿ ಮುಗಿಸಿದ್ದಾರೆ, ನಾನು ಹೊಸದಾಗಿ ಸೇರಿಸುವುದೇನೂ ಇಲ್ಲ.

ಅಂಗಡಿ ಪ್ರಾರ್ಥನೆಯ ಸಾಮಾನುಗಳದು. ಒಳಗೆ ಹೋದರೆ ಮೂರು ಗಾಜಿನ ಕಪಾಟು. ಒಂದರಲ್ಲಿ ನೂರೆಂಟು ಮಣಿಯ ಜಪಮಾಲೆಗಳು, ಇನ್ನೊಂದರಲ್ಲಿ ತೊಂಬತ್ತೊಂಬತ್ತರ ತಸ್ಬಿಗಳು, ಮೂರನೆಯದರಲ್ಲಿ ತುದಿಗೆ ಶಿಲುಬೆ ತೂಗುವ ಜಪಸರಗಳು. ದೇವರುಗಳು ಒಬ್ಬರಿಗೊಬ್ಬರು ತಾಗಬಾರದೆಂದು ಮೂರು ಕಪಾಟು ಮಾಡಿಸಿದ್ದ ಯಜಮಾನ ಗಲ್ಲಾಪೆಟ್ಟಿಗೆಯನ್ನು ಮಾತ್ರ ಒಂದೇ ಇಟ್ಟಿದ್ದ. ಅದಕ್ಕೆ ಯಾವ ಭಕ್ತರೂ ಇವತ್ತಿನವರೆಗೆ ತಕರಾರು ತೆಗೆದಿಲ್ಲ.

ಹಿಂದಿನ ಕೋಣೆಯಲ್ಲಿ ಒಂದು ಕಿಟಕಿ, ಒಂದು ಮೇಜುದೀಪ, ಮಣಿ ಉರುಳದಂತೆ ಉಣ್ಣೆಬಟ್ಟೆ ಹಾಸಿದ ಒಂದು ತಟ್ಟೆ. ಹಿಂಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಮೊಳೆ. ಮೊಳೆಯ ವಿಷಯ ಆಮೇಲೆ ಬರುತ್ತದೆ.

ಈ ಕೆಲಸದಲ್ಲಿ ಒಂದು ಗುಟ್ಟಿದೆ. ಹೊಸ ರೇಷ್ಮೆ ದಾರ ಹೊಸ ಚಪ್ಪಲಿಯ ಹಾಗೆ, ಮೈಗೆ ಹೊಂದಿಕೊಳ್ಳುವವರೆಗೆ ನಂಬುವ ಹಾಗಿಲ್ಲ. ಪೋಣಿಸಿದ ದಿನ ಮಣಿಗಳು ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ತಿಂಗಳು ಕಳೆಯುವಷ್ಟರಲ್ಲಿ ದಾರ ಹಿಗ್ಗಿ ನಡುವೆ ಸಂದು ಬೀಳುತ್ತದೆ, ಸಂದಿನಲ್ಲಿ ದಾರ ಸವೆಯುತ್ತದೆ, ಒಂದು ದಿನ ಪ್ರಾರ್ಥನೆಯ ನಡುವೆ ಸರ ಕಿತ್ತು ಮಣಿಗಳೆಲ್ಲ ಮಂಚದ ಕೆಳಗೆ ಓಡುತ್ತವೆ. ಇದಕ್ಕೆ ಮದ್ದು ಒಂದೇ. ಪೋಣಿಸಿದ ಸರವನ್ನು ಕೊಡುವ ಮೊದಲು ಒಂದು ಇಡೀ ದಿನ ಕೊರಳಿಗೆ ಹಾಕಿಕೊಂಡು, ಬಟ್ಟೆಯೊಳಗೆ ಮೈಗೆ ತಾಗುವ ಹಾಗೆ ಬಿಟ್ಟುಕೊಳ್ಳಬೇಕು. ಮೈಯ ಕಾವಿಗೆ, ಬೆವರಿಗೆ, ಓಡಾಟಕ್ಕೆ ದಾರ ಎಷ್ಟು ಹಿಗ್ಗಬೇಕೋ ಅಷ್ಟೂ ಹಿಗ್ಗುತ್ತದೆ. ಆಮೇಲೆ ಗಂಟುಗಳನ್ನು ಒಂದೊಂದಾಗಿ ಸೂಜಿಯಿಂದ ಜರುಗಿಸಿ ಬಿಗಿದರೆ ಆ ಸರ ಮೊಮ್ಮಕ್ಕಳ ಕಾಲಕ್ಕೂ ಕೀಳುವುದಿಲ್ಲ. "ನಮ್ಮಂಗಡಿ ಸರ ಕಿತ್ತು ವಾಪಸ್ ಬಂದಿದ್ದೇ ಇಲ್ಲ" ಎಂದು ಯಜಮಾನ ಎದೆಯುಬ್ಬಿಸುತ್ತಿದ್ದ. ಯಾಕೆ ಕೀಳುವುದಿಲ್ಲ ಎಂದು ಗಿರಾಕಿಗಳು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಹೀಗಾಗಿ ಮಣಿಯಕ್ಕನ ಕೊರಳಲ್ಲಿ ದಿನಕ್ಕೊಂದು ದೇವರು. "ಇವತ್ತು ಯಾರ ಪಾಳಿ ಮಣಿಯಕ್ಕಾ?" ಎಂದು ಗಡಿಯಾರದವನು ಬೆಳಿಗ್ಗೆ ಬೆಳಿಗ್ಗೆ ಕೆಣಕುತ್ತಿದ್ದ. "ಯಾರದಾದ್ರೂ ನಿಂಗೇನಪ್ಪಾ, ನಿನ್ನ ಮುಳ್ಳು ನೀನು ತಿರುಗಿಸ್ಕೋ" ಎನ್ನುತ್ತಿದ್ದಳು. ಬಾಯಲ್ಲಿ ಹೀಗೆಂದರೂ ಅವಳಿಗೆ ಅವಳದೇ ಒಂದು ಕಟ್ಟುಪಾಡಿತ್ತು. ಸರ ಹಾಕಿಕೊಳ್ಳುವ ಮೊದಲು ಕೊರಳಿಗೆ ಸೋಪು ಹಚ್ಚಿ ತೊಳೆಯುತ್ತಿದ್ದಳು. ಅದು ಮೈಮೇಲಿದ್ದಷ್ಟು ಹೊತ್ತು ಯಾರನ್ನೂ ಬಯ್ಯುತ್ತಿರಲಿಲ್ಲ. ಇನ್ನೊಬ್ಬರು ಕೈಮುಗಿಯುವ ಮಣಿಗೆ ತನ್ನ ಬಯ್ಗುಳ ಅಂಟಬಾರದು ಎಂದು. ಬಯ್ಯಲೇಬೇಕಾದವರು ಸಿಕ್ಕಿದರೆ ಸರ ತೆಗೆದಿಟ್ಟು, ಹೊಟ್ಟೆ ತುಂಬ ಬಯ್ದು, ಮತ್ತೆ ಕೊರಳು ತೊಳೆದು ಹಾಕಿಕೊಳ್ಳುತ್ತಿದ್ದಳು.

ಅವಳ ಸ್ವಂತ ಮತ ಯಾವುದು ಎಂದು ಕೇಳುತ್ತಿದ್ದೀರಿ. ಹೇಳುವುದಿಲ್ಲ. ಹೇಳಿದ ಕೂಡಲೇ ಯಾರ ಪಕ್ಷ ಹಿಡಿಯಬೇಕೆಂದು ನೀವು ತೀರ್ಮಾನ ಮಾಡಿಬಿಡುತ್ತೀರಿ, ನನಗೆ ಗೊತ್ತಿಲ್ಲವೇ? ಶಿಲುಬೆ ಅವಳದಲ್ಲ ಎಂಬಷ್ಟು ತಿಳಿದಿದ್ದರೆ ಸಾಕು.

ಹಿಂದಿನ ಕೋಣೆಯ ಆ ಕುರ್ಚಿಯಲ್ಲಿ ಅವಳಿಗಿಂತ ಮೊದಲು ಕೂತಿದ್ದವಳು ಅವಳ ಅಮ್ಮ. ಅಪ್ಪ ಎಂಬುವನು ಹೇಳದೆ ಕೇಳದೆ ಮನೆ ಬಿಟ್ಟು ಹೋದಾಗ ಮಣಿಯಕ್ಕನಿಗೆ ಎಂಟು ವರ್ಷ, ತಮ್ಮನಿಗೆ ಒಂದೂವರೆ. ಅಮ್ಮ ಈಗಿನ ಯಜಮಾನನ ಅಪ್ಪನ ಹತ್ತಿರ ಬಂದು ಸೂಜಿ ಹಿಡಿದಳು. ಕೊರಳಿಗೆ ಹಾಕಿ ಹದ ಮಾಡುವ ವಿದ್ಯೆ ಅವಳು ತಾನೇ ಕಂಡುಕೊಂಡದ್ದು. ಸಂಜೆ ಮನೆಗೆ ಬರುವಾಗ ಆ ದಿನದ ಸರ ಅವಳ ಕೊರಳಲ್ಲೇ ಇರುತ್ತಿತ್ತು. ಒಲೆಯ ಮುಂದೆ ಕೂತಾಗ ತಮ್ಮ ಅವಳ ತೊಡೆಯೇರಿ ಬಟ್ಟೆಯೊಳಗಿಂದ ಸರ ಎಳೆದು ಮಣಿ ಎಣಿಸುತ್ತಿದ್ದ. ಅವನು ಎಣಿಕೆ ಕಲಿತದ್ದೇ ಹಾಗೆ. ಶಿಲುಬೆಯ ಜಪಸರದಲ್ಲಿ ಹತ್ತು ಹತ್ತು ಮಣಿಯ ಐದು ಗುಂಪು, ನಡುನಡುವೆ ಒಂದು ಒಂಟಿ ಮಣಿ. ಅದನ್ನು ಮನೆಯಲ್ಲಿ ಹತ್ತರ ಸರ ಎನ್ನುತ್ತಿದ್ದರು. "ಹತ್ತೊಂದ್ಲೆ ಹತ್ತು, ಹತ್ತೆರಡ್ಲೆ ಇಪ್ಪತ್ತು" ಎಂದು ಆ ಸರ ಹಿಡಿದೇ ಅವನು ಮಗ್ಗಿ ಕಲಿತ. ಐವತ್ತಕ್ಕೆ ಒಂದು ಸುತ್ತು ಮುಗಿದರೆ, ಎರಡನೇ ಸುತ್ತಿಗೆ ನೂರು. ನೂರು ಮುಟ್ಟಿದಾಗ ಅಮ್ಮ ಅವನ ಕೆನ್ನೆ ಹಿಂಡಿ ಬೆಲ್ಲದ ಚೂರು ಬಾಯಿಗಿಡುತ್ತಿದ್ದಳು.

ತಮ್ಮ ಓದಿದ, ಬೆಳೆದ, ಕಬ್ಬಿಣ ಸಿಮೆಂಟಿನ ವ್ಯಾಪಾರ ಹಿಡಿದ, ಮೇಲಕ್ಕೆ ಬಂದ. ಕೆಳಗೆ ಅಂಗಡಿ, ಮೇಲೆ ಮನೆ. ಒಳ್ಳೆಯ ಕಡೆಯಿಂದ ಹೆಣ್ಣು ತಂದ. ತಮ್ಮದೇ ಮತದ ಸಮಿತಿಯಲ್ಲಿ ಮೊದಲು ಸದಸ್ಯನಾದ, ಆಮೇಲೆ ಕಾರ್ಯದರ್ಶಿಯಾದ. ಬೇಡ ಎಂದವರು ಯಾರು? ಮಣಿಯಕ್ಕನೇ ಅವನ ಹೆಸರು ಬಂದ ಪತ್ರಿಕೆಗಳನ್ನೆಲ್ಲ ಕತ್ತರಿಸಿ ಡಬ್ಬಿಯಲ್ಲಿಟ್ಟಿದ್ದಳು. ಆದರೆ ಹೆಂಡತಿಯ ಮನೆಯವರಿಗೆ ಅವನು ಒಂದು ಮಾತು ಹೇಳಿಬಿಟ್ಟಿದ್ದ. ಅಮ್ಮ ಹೊಲಿಗೆ ಕಲಿಸುವ ಟೀಚರ್ ಆಗಿದ್ದರು, ಎಂದು. ಪರಮತದ ಶಿಲುಬೆ ಎದೆಯ ಮೇಲೆ ಹೊತ್ತು ದುಡಿದ ಹೆಂಗಸಿನ ಮಗ ಎನ್ನುವುದಕ್ಕಿಂತ ಅದು ಕೇಳಲು ಚೆನ್ನಾಗಿತ್ತು. ಅಮ್ಮನಿಗೆ ಅದು ಗೊತ್ತಾದಾಗ ಗೊಳ್ಳೆಂದು ನಕ್ಕಳು. "ಸೂಜಿ ಹಿಡಿದದ್ದು ನಿಜ ತಾನೇ, ಹೇಳ್ಕೊಳ್ಲಿ ಬಿಡೇ" ಎಂದಳು. ಮಣಿಯಕ್ಕ ನಗಲಿಲ್ಲ, ಹಾಗಂತ ಎದುರಾಡಲೂ ಇಲ್ಲ. ತಮ್ಮನ ಮನೆಗೆ ಹೋಗುವ ದಿನ ಕೊರಳಿನ ಸರ ತೆಗೆದು ಹಿಂಬಾಗಿಲ ಪಕ್ಕದ ಮೊಳೆಗೆ ಹಾಕಿ ಹೋಗುವ ಅಭ್ಯಾಸ ಮಾಡಿಕೊಂಡಳು. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಮರೆಯಲಿಲ್ಲ.

ಅಮ್ಮನಿಗೆ ಕಣ್ಣು ಮಬ್ಬಾದ ಮೇಲೆ ತಮ್ಮನ ಮನೆಯಲ್ಲೇ ಇದ್ದಳು. ಭಾನುವಾರ ಭಾನುವಾರ ಮಣಿಯಕ್ಕ ಹೋಗಿ ಅವಳಿಗೆ ತಲೆಗೆ ಸ್ನಾನ ಮಾಡಿಸುತ್ತಿದ್ದಳು. ಅಮ್ಮನಿಗೆ ಚಳಿ ಅಂದರೆ ಚಳಿ, ಬೇಸಿಗೆಯಲ್ಲೂ ಹೊಗೆಯಾಡುವ ನೀರು ಬೇಕು. ಅಂಥ ಒಂದು ಭಾನುವಾರ, ಬೆನ್ನಿಗೆ ನೀರು ಬೀಳುತ್ತಿದ್ದಾಗ, ಅಮ್ಮ ಮಗಳ ಕೈ ಹಿಡಿದುಕೊಂಡಳು.

"ನಾನು ಸತ್ತಾಗ ಕೊನೇ ಸ್ನಾನ ನೀನೇ ಮಾಡಿಸ್ಬೇಕು."

"ಬಿಡ್ತು ಅನ್ನಮ್ಮ. ಬೆಳಿಗ್ಗೆ ಬೆಳಿಗ್ಗೆ ಏನು ಮಾತು ಅಂತ ಆಡ್ತೀಯ!"

"ಮಾತು ಕೊಡು. ಆ ಹೆಂಗಸರೆಲ್ಲಾ ಸತ್ತವಳಿಗೇನು ಗೊತ್ತಾಗುತ್ತೆ ಅಂತ ನಲ್ಲಿ ನೀರು ಸುರಿದುಬಿಡ್ತಾರೆ. ನನಗೆ ಬಿಸಿ ನೀರೇ ಆಗ್ಬೇಕು."

"ಆಯ್ತಮ್ಮಾ, ನಿನ್ನ ಚರ್ಮ ಸುಲಿಯೋಷ್ಟು ಬಿಸಿ ಮಾಡಿ ಹಾಕ್ತೀನಿ. ಸರೀನಾ?"

ಅಮ್ಮ ನಕ್ಕಳು. ಮಗಳು ಮಾತು ಕೊಟ್ಟಳು. ತಮ್ಮ ಆಗ ಬಾಗಿಲ ಹೊರಗೆ ಟವೆಲು ಹಿಡಿದು ನಿಂತಿದ್ದ, ಅವನ ಕಿವಿಗೂ ಬಿತ್ತು. "ಅಮ್ಮ ಮಗಳು ಏನಾದ್ರೂ ಮಾಡ್ಕೊಳ್ಳಿ" ಎಂದು ಅವನೂ ನಕ್ಕ.

ಆ ಬುಧವಾರ ಬೆಳಿಗ್ಗೆ ಮಣಿಯಕ್ಕ ಒಬ್ಬ ನಿವೃತ್ತ ಟೀಚರಮ್ಮನ ಜಪಸರವನ್ನು ಕೊರಳಿಗೆ ಹಾಕಿಕೊಂಡು ಕೂತಿದ್ದಳು. ಕಪ್ಪು ಮರದ ಮಣಿ, ತುದಿಗೆ ಬೆಳ್ಳಿಯ ಶಿಲುಬೆ. ಹನ್ನೊಂದು ಗಂಟೆಗೆ ತಮ್ಮನ ಹೆಂಡತಿಯ ಫೋನು ಬಂತು. "ಅತ್ತಿಗೇ, ಬೇಗ ಬನ್ನಿ. ಅತ್ತೆ ಉಸಿರು ಒಂಥರಾ ಆಗ್ತಿದೆ" ಎಂದಳು. ಸೂಜಿಯನ್ನು ಎಲ್ಲಿಟ್ಟಳೋ, ದೀಪ ಆರಿಸಿದಳೋ ಇಲ್ಲವೋ, ಒಂದೂ ನೆನಪಿಲ್ಲ. ಹಿಂಬಾಗಿಲಿಂದ ಓಡಿದಳು. ಮೊಳೆ ಅಲ್ಲೇ ಇತ್ತು. ಅವಳ ಕೈ ಅತ್ತ ಹೋಗಲಿಲ್ಲ.

ತಮ್ಮನ ಮನೆಯಲ್ಲಿ ಆಗಲೇ ಜನ ಸೇರಿದ್ದರು. ಸಮಿತಿಯವರು ಐದಾರು ಮಂದಿ, ಅವರ ಹೆಂಗಸರು, ಬಿಳಿ ಹುಬ್ಬಿನ ಒಬ್ಬ ಹಿರಿಯರು. ಅವರ ಮಾತೆಂದರೆ ಸಮಿತಿಯಲ್ಲಿ ಕೊನೆಯ ಮಾತು. ಎಲ್ಲರೂ ಅಮ್ಮನ ಕೋಣೆಯ ಬಾಗಿಲಲ್ಲಿ ಗುಂಪಾಗಿ ನಿಂತು ಪ್ರಾರ್ಥನೆ ಹೇಳುತ್ತಿದ್ದರು. ಮಂಚದ ಒಂದು ಪಕ್ಕದಲ್ಲಿ ತಮ್ಮ ನಿಂತಿದ್ದ. ಮಣಿಯಕ್ಕ ಜನರನ್ನು ಸರಿಸಿಕೊಂಡು ಇನ್ನೊಂದು ಪಕ್ಕಕ್ಕೆ ಹೋದಳು. ಅಮ್ಮನ ತುಟಿ ಒಣಗಿ ಸಿಪ್ಪೆಯೆದ್ದಿತ್ತು. ಮಣಿಯಕ್ಕ ಒಂದು ಕೈಯಲ್ಲಿ ಅವಳ ತಲೆ ಎತ್ತಿ, ಇನ್ನೊಂದು ಕೈಯಲ್ಲಿ ಚಮಚದಲ್ಲಿ ನೀರು ಹಿಡಿದು ಬಗ್ಗಿದಳು.

ಸರ ಬಟ್ಟೆಯೊಳಗಿಂದ ಜಾರಿ ಹೊರಗೆ ಬಿತ್ತು. ಶಿಲುಬೆ ಅಮ್ಮನ ಎದೆಯ ಮೇಲೆ ತೂಗಾಡಿತು.

ಪ್ರಾರ್ಥನೆ ಹೇಳುತ್ತಿದ್ದವರೆಲ್ಲ ಗಪ್‌ಚುಪ್. ಎರಡು ದಿನದಿಂದ ಒಂದು ಬೆರಳೂ ಅಲ್ಲಾಡಿಸದಿದ್ದ ಅಮ್ಮನ ಕೈ ಆಗ ಮೇಲೆದ್ದಿತು. ತಡಕಾಡಿ ಸರ ಹಿಡಿಯಿತು. ಹೆಬ್ಬೆರಳು ಒಂದೊಂದೇ ಮಣಿ ದಾಟುತ್ತ, ಮಣಿಯ ನಡುವಿನ ಗಂಟು ಒತ್ತುತ್ತ ಮುಂದೆ ಹೋಯಿತು. ಇಪ್ಪತ್ತು ವರ್ಷ ಅದೇ ಕೆಲಸ ಮಾಡಿದ ಬೆರಳು, ಅದಕ್ಕೆ ಕಣ್ಣು ಯಾಕೆ ಬೇಕು?

"ಹತ್ತರದ್ದು" ಎಂದಳು ಅಮ್ಮ. ದನಿ ಮಂಚದಾಚೆ ಹೋಗುವಷ್ಟೂ ಇರಲಿಲ್ಲ. ಹೆಬ್ಬೆರಳು ಒಂದು ಕಡೆ ನಿಂತಿತು. "ಇಲ್ಲಿ ಗಂಟು ಸಡಿಲ. ನೋಡ್ಕೋ."

ಮಣಿಯಕ್ಕನಿಗೆ ಕೇಳಿಸಿತು. ಆಚೆ ಪಕ್ಕದಲ್ಲಿ ಬಗ್ಗಿ ನಿಂತಿದ್ದ ತಮ್ಮನಿಗೂ ಕೇಳಿಸಿತು. ಬಾಗಿಲಲ್ಲಿದ್ದವರಿಗೆ ಮಾತು ಕೇಳಿಸಲಿಲ್ಲ. ಮುದುಕಿಯ ಮುಷ್ಟಿಯಲ್ಲಿ ಶಿಲುಬೆಯ ಸರ ಮಾತ್ರ ಕಾಣಿಸಿತು.

"ಏನು ನಡೀತಿದೆ ಇಲ್ಲಿ?" ಎಂದರು ಬಿಳಿ ಹುಬ್ಬಿನ ಹಿರಿಯರು. "ಸಾಯೋ ಗಳಿಗೇಲಿ ಹೆತ್ತ ತಾಯಿ ಕೈಗೆ ಅದನ್ನ ಕೊಡ್ತಿದ್ದೀಯೇನಮ್ಮಾ? ಯಾವಾಗ ಸೇರಿದೆ ಅವರ ಕಡೆ?"

"ಅಯ್ಯೋ ದೇವ್ರೇ, ಹಂಗಲ್ಲ ಹಿರೀರೇ! ಇದು ಗಿರಾಕಿಯದು. ದಾರ ಹದಕ್ಕೆ ಬರ್ಲಿ ಅಂತ ಹಾಕ್ಕೊಂಡಿದ್ದು, ಓಡಿ ಬರೋ ಅವಸರದಲ್ಲಿ ತೆಗೆಯೋದು ಮರೆತೆ. ನಮ್ಮ ಕೆಲಸಾನೇ ಇದು. ಅಮ್ಮನೂ ಹೀಗೇ ಹಾಕ್ಕೋತಿದ್ಳು. ಬೇಕಾದ್ರೆ ಇವನನ್ನೇ ಕೇಳಿ."

ಎಲ್ಲರ ಕಣ್ಣೂ ತಮ್ಮನ ಕಡೆ ತಿರುಗಿದವು. "ಹೌದೇನಪ್ಪಾ?" ಎಂದರು ಹಿರಿಯರು.

ಒಂದು ಮಾತು. ಹೌದು ಎಂಬ ಎರಡಕ್ಷರ. ಅಷ್ಟಕ್ಕೆ ಎಲ್ಲವೂ ಮುಗಿಯುತ್ತಿತ್ತು. ಹಿರಿಯರು ಮೂಗು ಮುರಿಯುತ್ತಿದ್ದರು, ಹೆಂಗಸರು ನಾಲ್ಕು ದಿನ ಗುಸುಗುಸು ಮಾಡುತ್ತಿದ್ದರು, ಮಣಿಯಕ್ಕ ಅಮ್ಮನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದಳು. ತಮ್ಮ ಗೋಡೆ ನೋಡಿದ. ಹೆಂಡತಿಯ ಮುಖ ನೋಡಿದ. ಅಕ್ಕನ ಮುಖವೊಂದನ್ನು ಬಿಟ್ಟು ಆ ಕೋಣೆಯಲ್ಲಿದ್ದ ಎಲ್ಲವನ್ನೂ ನೋಡಿದ.

"ಹೇಳೋ" ಎಂದಳು ಮಣಿಯಕ್ಕ. "ಯಾಕೋ ಬಾಯಿಗೆ ಬೀಗ ಹಾಕ್ಕೊಂಡೆ? ನಿಂಗೊತ್ತಿಲ್ವೇನೋ?"

"ಅಮ್ಮ ಹೊಲಿಗೆ ಟೀಚರ್ ಆಗಿದ್ದರು" ಎಂದ ತಮ್ಮ.

ಅಮ್ಮನನ್ನು ಅವನು ಹುಟ್ಟಿದಾಗಿನಿಂದ ನೀನು, ಅವಳು ಎಂದೇ ಕರೆದವನು. ಆ 'ಆಗಿದ್ದರು' ಕೇಳಿ ಮಣಿಯಕ್ಕನಿಗೆ ಇನ್ನು ಇವನು ಹೇಳುವುದಿಲ್ಲ ಎಂದು ಆಗಲೇ ಗೊತ್ತಾಯಿತು.

"ಅಕ್ಕಾ, ನೀನು ಸ್ವಲ್ಪ ಹೊರಗಿರು" ಎಂದ ಅವನು. ಜೋರಾಗೇನೂ ಅಲ್ಲ, ಬಹಳ ಮೆತ್ತಗೆ. "ಆಮೇಲೆ ಮಾತಾಡೋಣ."

"ಇದನ್ನ ತೆಗೆದು ಬೀದಿಗೆಸೆದು ಬರ್ತೀನಿ. ಅವಳ ಹತ್ರ ಇರೋಕೆ ಬಿಡಿ."

"ತೆಗೆದಿಟ್ರೆ ಹೋಗುವಂಥದ್ದಲ್ಲಮ್ಮ ಅದು" ಎಂದರು ಹಿರಿಯರು.

ಬೇರೆ ದಿನವಾಗಿದ್ದರೆ ಅವಳು ಅಲ್ಲಿದ್ದವರ ಜನ್ಮ ಜಾಲಾಡುತ್ತಿದ್ದಳು, ಆ ನಾಲಿಗೆ ಅವಳಿಗಿತ್ತು. ಆದರೆ ಉಸಿರಾಡುತ್ತಿರುವ ಅಮ್ಮನ ತಲೆಯ ಮೇಲೆ ಜಗಳ ಆಡುವುದು ಹೇಗೆ? ಕೊರಳಲ್ಲಿ ಸರವೂ ಇತ್ತು. ತಮ್ಮನ ಹೆಂಡತಿ ಮುಂದೆ ಬಂದು ಅತ್ತೆಯ ಬೆರಳುಗಳನ್ನು ಒಂದೊಂದಾಗಿ ಸರದಿಂದ ಬಿಡಿಸಿದಳು. ಹೆಬ್ಬೆರಳು ಬೇಗ ಬಿಡಲಿಲ್ಲ.

ಮಣಿಯಕ್ಕ ಕೆಳಗಿಳಿದು ಮೆಟ್ಟಿಲ ಬುಡದಲ್ಲಿ ಕೂತಳು. ಅಲ್ಲಿ ಒಳಗೆ ಹೋದವರ ಚಪ್ಪಲಿಗಳ ರಾಶಿ. ಒಂದು ಗಂಟೆ ನಲವತ್ತು ನಿಮಿಷ ಆ ಚಪ್ಪಲಿಗಳ ನಡುವೆ ಕೂತಿದ್ದಳು. ತಮ್ಮ ಬಂದು ಕರೆಯುತ್ತಾನೆ ಎಂದು ಪ್ರತಿ ಹೆಜ್ಜೆಯ ಸಪ್ಪಳಕ್ಕೂ ತಲೆಯೆತ್ತಿದಳು. ಆಮೇಲೆ ಮೇಲೆ ಹೆಂಗಸರು ಅಳುವ ಸದ್ದು ಕೇಳಿಸಿತು. ಓಡಿ ಹತ್ತಿದಳು. ಬಾಗಿಲು ಒಂದು ಗೇಣಷ್ಟು ತೆರೆದು ತಮ್ಮನ ಹೆಂಡತಿ ಅಡ್ಡ ನಿಂತಳು.

"ಬೇಡ ಅತ್ತಿಗೆ. ಎಲ್ಲಾ ಮುಗೀಲಿ. ಇಷ್ಟು ಜನರ ಮುಂದೆ ನಮ್ಮ ಮಾನ ತೆಗೀಬೇಡಿ."

"ನಾನು ಒಳಗೆ ಕೂರಲ್ಲ ಬಿಡು. ಸ್ನಾನ ಒಂದು ಮಾಡಿಸಿ ಹೋಗ್ತೀನಿ. ಮಾತು ಕೊಟ್ಟಿದ್ದೀನಿ. ಅವನಿಗೂ ಗೊತ್ತು, ಕೇಳು."

"ಸಮಿತಿಯ ಹೆಂಗಸರು ಮಾಡಿಸ್ತಾರಂತೆ."

"ಹಾಗಾದ್ರೆ ನೀರು ಕಾಯಿಸೋಕೆ ಹೇಳು. ಅಷ್ಟಾದ್ರೂ ಹೇಳೇ. ಬಿಸಿ ನೀರು."

"ಹೇಳ್ತೀನಿ" ಎಂದು ಅವಳು ಬಾಗಿಲು ಹಾಕಿಕೊಂಡಳು.

ಮಣಿಯಕ್ಕ ಮತ್ತೆ ಕೆಳಗೆ ಬಂದಳು. ಆ ಮನೆಯ ಬಚ್ಚಲಿನ ಕೊಳವೆ ಹೊರಗೋಡೆಯ ಮೇಲಿಂದ ಇಳಿದು ಮೆಟ್ಟಿಲ ಪಕ್ಕದ ಮೋರಿಗೆ ಬೀಳುತ್ತದೆ. ಸ್ವಲ್ಪ ಹೊತ್ತಿಗೆ ಮೇಲೆ ಬಕೆಟ್ಟು ಎಳೆದ ಸದ್ದಾಯಿತು. ಕೊಳವೆಯಲ್ಲಿ ಗೊಳಗೊಳ ಎಂದಿತು. ಸೋಪಿನ ನೊರೆ ಬೆರೆತ ನೀರು ಬಂದು ಮೋರಿಗೆ ಸುರಿಯಿತು. ಅವಳು ಎದ್ದು ಹೋಗಿ ಅದರ ಕೆಳಗೆ ಎರಡೂ ಕೈ ಹಿಡಿದಳು.

ನೀರು ತಣ್ಣಗಿತ್ತು.

ಅವಳು ಮೋರಿಯ ಪಕ್ಕ ಕೂತು ಅತ್ತಳು. ಅಮ್ಮ ಸತ್ತದ್ದಕ್ಕೆ ಅಳು ಆಮೇಲೆ ಬಂತು, ಮೊದಲು ಬಂದದ್ದು ಆ ನೀರಿಗೆ. ಹಾದಿಯಲ್ಲಿ ಹೋಗುವವರು ನಿಂತು ನೋಡಿದರು. ಸರ ಬಟ್ಟೆಯ ಹೊರಗೇ ಇತ್ತು. ಅಮ್ಮನನ್ನು ಹೊರಗೆ ಒಯ್ಯುವಾಗಲೂ ಅವಳನ್ನು ಯಾರೂ ಕರೆಯಲಿಲ್ಲ. ಆಮೇಲೆ ಮಾತಾಡೋಣ ಎಂದ ತಮ್ಮ ಅವಳನ್ನು ದಾಟಿಕೊಂಡೇ ಹೋದ.

ಸಾವಿನ ಮನೆಯ ಸುದ್ದಿಗೆ ಕಾಲು ಬೇಕಿಲ್ಲ. ಶುಕ್ರವಾರ ಟೀಚರಮ್ಮ ತನ್ನ ಜಪಸರ ಕೇಳಿಕೊಂಡು ಬರುವಷ್ಟರಲ್ಲಿ ಅದು ಅವರಿಗೂ ಮುಟ್ಟಿತ್ತು. ಒಳ್ಳೆಯ ಹೆಂಗಸು, ಯಾವತ್ತೂ ದನಿಯೇರಿಸಿದವರಲ್ಲ.

"ನೀವು ಹಾಕ್ಕೊಂಡಿದ್ರಂತೆ?" ಎಂದರು.

"ದಾರಕ್ಕೋಸ್ಕರ ಟೀಚರಮ್ಮ. ಒಂದೇ ದಿನ."

"ನಿಮ್ಮ ಮೇಲೆ ನನಗೇನೂ ಬೇಜಾರಿಲ್ಲಮ್ಮ. ಆದ್ರೆ ನಂಬಿಕೆ ಇಲ್ಲದವರು ಹಾಕ್ಕೊಂಡ್ರೆ ಅದು ಬರೀ ಒಡವೆ ಆಗಿಬಿಡುತ್ತೆ. ಅದೂ ಸಾವಿನ ಮನೇಲಿ ಬೇರೆ ಅದನ್ನಿಟ್ಕೊಂಡು ರಂಪ ಆಯ್ತಂತೆ. ನನಗೆ ಬೇಡ."

ಮಣಿಯಕ್ಕನಿಗೆ ಅಮ್ಮ ಸತ್ತು ಎರಡು ದಿನವಾಗಿತ್ತು. ತಾಳ್ಮೆ ಎಲ್ಲಿಂದ ತರಬೇಕು? "ನಿಮ್ಮ ಕೈಚೀಲದಲ್ಲಿ ಹದಿನಾಲ್ಕು ವರ್ಷದಿಂದ ಇರೋದೂ ನನ್ನ ಕೊರಳಲ್ಲೇ ಇದ್ದಿದ್ದು" ಎಂದುಬಿಟ್ಟಳು.

ಟೀಚರಮ್ಮ ಕೈಚೀಲ ತೆರೆದು ಹಳೆಯ ಸರ ತೆಗೆದು, ಬಿಸಿ ಪಾತ್ರೆ ಇಡುವ ಹಾಗೆ, ಗಾಜಿನ ಮೇಲಿಟ್ಟು ಹೊರಟೇಹೋದರು. ಹದಿನಾಲ್ಕು ವರ್ಷ ಆ ಮಣಿಗಳ ಮೇಲೆ ಹೇಳಿದ ಪ್ರಾರ್ಥನೆಗಳನ್ನೂ ಅಲ್ಲೇ ಬಿಟ್ಟು ಹೋದರು.

"ಬಾಯಿ ಮುಚ್ಕೊಂಡಿರೋಕೆ ಏನು ಧಾಡಿ ನಿಂಗೆ?" ಎಂದು ಯಜಮಾನ ಹಾರಾಡಿದ. "ಇನ್ಮೇಲೆ ಕೊರಳಿಗೂ ಬೇಡ, ಗಿರಳಿಗೂ ಬೇಡ. ಮೊಳೆಗೆ ನೇತುಹಾಕು, ಕೆಳಗೆ ಭಾರ ಕಟ್ಟು. ಆ ಕರೀ ಮಣಿದು ನೀನೇ ಇಟ್ಕೋ, ಅದನ್ನ ಇನ್ಯಾರಿಗೆ ಮಾರ್ಲಿ?"

ಅವತ್ತಿನಿಂದ ಹಿಂದಿನ ಕೋಣೆಯ ಗೋಡೆಗೆ ಸಾಲಾಗಿ ಆರು ಮೊಳೆ ಬಂದವು. ಸರಗಳು ತುದಿಗೆ ಕತ್ತರಿ, ಬೀಗ, ಹಳೆಯ ತೂಕದ ಬಟ್ಟು ಕಟ್ಟಿಸಿಕೊಂಡು ಅಲ್ಲಿ ತೂಗುತ್ತವೆ. ಕಬ್ಬಿಣದ ಭಾರ ಎಳೆಯುತ್ತದೆಯೇ ಹೊರತು ಅದಕ್ಕೆ ಕಾವೆಲ್ಲಿಂದ ಬರಬೇಕು? ನಾಲ್ಕೇ ತಿಂಗಳಲ್ಲಿ ಸಂದು ಬಿದ್ದ ಸರಗಳು ವಾಪಸು ಬರತೊಡಗಿದವು. ಗಿರಾಕಿಗಳು ಈಗಿನ ಕಾಲದ ರೇಷ್ಮೆಯನ್ನು ಬಯ್ದರು.

ಆ ಶುಕ್ರವಾರ ಸಂಜೆ ಮಣಿಯಕ್ಕ ಕರಿಮಣಿಯ ಸರವನ್ನು ಮೇಜುದೀಪದ ಕೆಳಗಿಟ್ಟು ಒಂದೊಂದೇ ಗಂಟನ್ನು ಸೂಜಿಯ ತುದಿಯಿಂದ ಮುಟ್ಟಿ ನೋಡಿದಳು. ಮೂರನೆಯ ಹತ್ತರಲ್ಲಿ, ಐದು ಮತ್ತು ಆರನೆಯ ಮಣಿಯ ನಡುವಿನ ಗಂಟು ಸಡಿಲವಿತ್ತು. ಒಂದು ಕೂದಲು ನುಸುಳುವಷ್ಟು, ಅಷ್ಟೇ. ಅವಳ ಕಣ್ಣಿಗೆ, ಅವಳ ಬೆರಳಿಗೆ, ಇಪ್ಪತ್ತೇಳು ವರ್ಷದ ಅನುಭವಕ್ಕೆ ಅದು ಸಿಕ್ಕಿರಲಿಲ್ಲ. ಸಾಯುತ್ತಿದ್ದ ಅಮ್ಮನಿಗೆ ಸಿಕ್ಕಿತ್ತು. ಬಿಗಿಯಲು ಸೂಜಿ ಎತ್ತಿದಳು, ಎತ್ತಿ ಕೆಳಗಿಟ್ಟಳು. ಸರವನ್ನು ಕೊರಳಿಗೆ ಹಾಕಿಕೊಂಡಳು. ಬಟ್ಟೆಯೊಳಗಲ್ಲ, ಹೊರಗೆ.

ಬೀದಿಗೆ ಇನ್ನೇನು ಬೇಕು? "ನೋಡಿದ್ರಾ, ನಾವು ಅವತ್ತೇ ಹೇಳ್ಲಿಲ್ವಾ" ಎಂದರು ಸಮಿತಿಯ ಹೆಂಗಸರು. ಗಡಿಯಾರದವನು ಪಾಳಿ ಕೇಳುವುದನ್ನು ಬಿಟ್ಟ. ಶಿಲುಬೆಯ ಕಡೆಯವರೊಬ್ಬರು ಬಂದು ಪ್ರೀತಿಯಿಂದಲೇ, "ಯಾವಾಗ ನಮ್ಮವರಾದ್ರಿ?" ಎಂದು ಕೇಳಿದರು. "ನಾನಾಗಿಲ್ಲ, ನನ್ನ ತಮ್ಮ ಮಾಡಿದ್ದು" ಎಂದಳು. ಅವರಿಗೆ ಅರ್ಥವಾಗಲಿಲ್ಲ. ಅವಳಿಗೆ ಆ ಮತದ ಒಂದು ಪ್ರಾರ್ಥನೆಯೂ ಬರುವುದಿಲ್ಲ, ಕಲಿಯುವ ಆಸೆಯೂ ಇಲ್ಲ. ಸ್ವಂತ ಪ್ರಾರ್ಥನೆಯನ್ನೂ ಬಿಟ್ಟಿದ್ದಾಳೆ. ದಾರಕ್ಕೆ ಮೈಯ ಕಾವು ಕೊಡುತ್ತಾಳೆ, ಅಷ್ಟೇ.

ನಾಲ್ಕು ವರ್ಷಗಳಾದ ಮೇಲೆ, ಮೊನ್ನೆ ಮೊನ್ನೆ, ತಮ್ಮ ಬಂದಿದ್ದ. ಅಮ್ಮ ಕೂರುತ್ತಿದ್ದ ಆ ಕೋಣೆಗೆ ಅವನು ಕಾಲಿಟ್ಟು ಎಷ್ಟೋ ವರ್ಷವಾಗಿತ್ತು. ಈಗ ಅವನು ಸಮಿತಿಯ ಅಧ್ಯಕ್ಷನಾಗಲು ನಿಂತಿದ್ದಾನೆ. ಕೂದಲು ನೆರೆತಿದೆ, ಹೊಟ್ಟೆ ಬಂದಿದೆ. ಚಪ್ಪಲಿ ಹೊರಗೆ ಬಿಟ್ಟು ಬಂದು ನಿಂತೇ ಇದ್ದ.

"ಅದನ್ನ ತೆಗೆದುಬಿಡಕ್ಕಾ" ಎಂದ. "ಹೋದಲ್ಲಿ ಬಂದಲ್ಲಿ ನನ್ನೇ ಕೇಳ್ತಾರೆ. ನನಗೆ ತಲೆಯೆತ್ತಿ ಓಡಾಡೋಕೆ ಆಗ್ತಿಲ್ಲ."

"ತೆಗೀತೀನಿ" ಎಂದಳು ಮಣಿಯಕ್ಕ.

ಅಷ್ಟು ಸಲೀಸಾಗಿ ಒಪ್ಪುತ್ತಾಳೆಂದು ಅವನು ಎಣಿಸಿರಲಿಲ್ಲ. ಮುಖ ಅರಳಿತು. "ನಂಗೊತ್ತಿತ್ತು. ಎಷ್ಟಾದ್ರೂ ನೀನು ನನ್ನಕ್ಕ."

"ಈಗಲೇ ಬೇಕಾದ್ರೂ ತೆಗೀತೀನಿ. ನೀನು ಒಂದು ಕೆಲಸ ಮಾಡು. ಹತ್ತರ ಮಗ್ಗಿ ಎಲ್ಲಿ ಕಲಿತೆ ಅಂತ ಆ ಹಿರೀರಿಗೆ ಹೇಳು, ನಿನ್ನ ಹೆಂಡ್ತಿಗೆ ಹೇಳು. ಬೇರೇನೂ ಬೇಡ. ಅಮ್ಮನಿಗೆ ಯಾಕೆ ತಣ್ಣೀರು ಹಾಕಿಸ್ದೆ ಅಂತಾನೂ ನಾನು ಕೇಳಲ್ಲ."

ತಮ್ಮನ ಕಣ್ಣು ಅವಳ ಕೊರಳಿನ ಮೇಲಿತ್ತು. ಅವನ ಬಲಗೈಯ ಹೆಬ್ಬೆರಳು ತೋರುಬೆರಳಿನ ಮೇಲೆ ಒಮ್ಮೆ ಜರುಗಿತು, ಮಣಿ ದಾಟಿಸುವ ಹಾಗೆ. ಅವನಿಗೆ ಅದು ಗೊತ್ತಾಯಿತೋ ಇಲ್ಲವೋ. ಅವಳು ನೋಡಿದಳು, ಕಾದಳು. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ಅವನು ಅವಳ ಮುಂದೆ ಹೇಳಿದ್ದರೂ ಸಾಕಿತ್ತು, ತೆಗೆದುಬಿಡುತ್ತಿದ್ದಳು.

"ಹಳೇದೆಲ್ಲ ಈಗ್ಯಾಕಕ್ಕ" ಎಂದ ತಮ್ಮ.

ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡ. ಅವಳು ದೀಪವನ್ನು ಹತ್ತಿರಕ್ಕೆ ಎಳೆದುಕೊಂಡು ಸೂಜಿಗೆ ದಾರ ಏರಿಸಿದಳು. ಸರ ಅವಳ ಕೊರಳಲ್ಲಿ ಇವತ್ತಿಗೂ ಇದೆ.